ಹಡಗು ಮುಳುಗಿದ ಸುದ್ದಿ

ನೆಲದ ಮೇಲೆ ನಡೆದ ಯುದ್ಧಕ್ಕೆ ಗುರುತು ಉಳಿಯುತ್ತದೆ. ಮುರಿದ ಸೇತುವೆ, ಸುಟ್ಟ ಟ್ಯಾಂಕು, ಗುಂಡು ಹೊಕ್ಕ ಗೋಡೆ ಮರುದಿನವೂ ಅಲ್ಲೇ ಇರುತ್ತವೆ. ಯಾರಾದರೂ ಹೋಗಿ ನೋಡಿ ಬರೆಯಬಹುದು. ಸಮುದ್ರದಲ್ಲಿ ಹಾಗಲ್ಲ. ಇನ್ನೂರು ಮುನ್ನೂರು ಜನರಿದ್ದ ಹಡಗು ಕೆಲವೇ ನಿಮಿಷಗಳಲ್ಲಿ ಕೆಳಗಿಳಿದುಬಿಟ್ಟರೆ ನೀರಿನ ಮೇಲೆ ಉಳಿಯುವುದು ಒಂದಿಷ್ಟು ಎಣ್ಣೆ, ಮರದ ಚೂರು, ಜೀವ ಹಿಡಿದು ತೇಲುತ್ತಿರುವ ಕೆಲವರು. ಬೆಳಗಾಗುವುದರೊಳಗೆ ಅಲೆ ಅದನ್ನೂ ಚದುರಿಸುತ್ತದೆ. ಹೊಡೆದವರು ಕತ್ತಲಲ್ಲಿ ಮೈಲುಗಟ್ಟಲೆ ದೂರವಿರುತ್ತಾರೆ. ಪೆಟ್ಟು ತಿಂದವರಿಗೆ ಹೇಳಿಕೊಳ್ಳುವ ಪುರುಸೊತ್ತೇ ಇರುವುದಿಲ್ಲ. ಹಾಗಾಗಿ ನೌಕಾಯುದ್ಧದ ಸುದ್ದಿಯಲ್ಲಿ ಕಂಡದ್ದು ಕಡಿಮೆ, ಕೇಳಿದ್ದು ಹೆಚ್ಚು. 1971ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಒಂದು ಕನ್ನಡ ದಿನಪತ್ರಿಕೆಯ ರಾತ್ರಿ ಪಾಳಿಯಲ್ಲಿ ಕೂತು ನಾನು ಮೊದಲು ಅರಿತದ್ದು ಇದನ್ನು.

ನಾನಾಗ ಹೊಸ ಉಪಸಂಪಾದಕ. ಟೆಲಿಪ್ರಿಂಟರ್ ಇಂಗ್ಲಿಷಿನಲ್ಲಿ ಹೊರಹಾಕುತ್ತಿದ್ದ ಸುದ್ದಿಯನ್ನು ಹರಿದು, ಆರಿಸಿ, ಕನ್ನಡಕ್ಕಿಳಿಸಿ ಮೊಳೆ ಜೋಡಿಸುವವರ ಕೈಗೆ ಕೊಡುವುದು ನಮ್ಮ ಕೆಲಸ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮದ ನಮ್ಮ ವಾಯುನೆಲೆಗಳ ಮೇಲೆ ಬಾಂಬ್ ಹಾಕಿದ ಮೇಲೆ ಆ ಯಂತ್ರ ಬಾಯಿ ಮುಚ್ಚಲೇ ಇಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಪ್ರತಿಗಳು ರಾತ್ರಿಯೇ ಗಾಡಿ ಹತ್ತಿ ಘಟ್ಟ ಇಳಿಯಬೇಕಿತ್ತು. ಕರಾವಳಿಯ ಓದುಗರಿಗೆ ಸಮುದ್ರದ ಸುದ್ದಿಯೇ ದೊಡ್ಡದು. ಅಲ್ಲಿಯ ಎಷ್ಟೋ ಮನೆಗಳ ಹುಡುಗರು ಬೊಂಬಾಯಿಯಲ್ಲಿ, ವಿಶಾಖಪಟ್ಟಣದಲ್ಲಿ, ಕೊಚ್ಚಿಯಲ್ಲಿ ನೌಕಾಪಡೆಯ ಬಿಳಿ ಸಮವಸ್ತ್ರ ತೊಟ್ಟಿದ್ದರು. ನಾನೂ ಅಂಕೋಲೆಯ ಕಡೆಯವನೇ ಆದ್ದರಿಂದ ಹಡಗಿನ ಸುದ್ದಿ ಬಂದರೆ ಹಾಳೆ ನನ್ನ ಮುಂದೆಯೇ ಬಂದು ಬೀಳುತ್ತಿತ್ತು.

ನಮ್ಮ ಸುದ್ದಿ ಸಂಪಾದಕರು 1965ರ ಯುದ್ಧವನ್ನೂ ಅದೇ ಮೇಜಿನ ಮುಂದೆ ಕೂತು ಕಂಡವರು. ಆ ಸಲ ವಿಮಾನವಾಹಕ ನೌಕೆ ವಿಕ್ರಾಂತ್ ಮುಳುಗಿತೆಂದು ಪಾಕಿಸ್ತಾನ ಹೇಳಿಕೊಂಡಿತ್ತು. ವಿಕ್ರಾಂತ್ ಆಗ ಬೊಂಬಾಯಿಯ ಡ್ರೈ ಡಾಕ್‌ನಲ್ಲಿ ದುರಸ್ತಿಗೆ ನಿಂತಿತ್ತು. ಅದೇ ವರ್ಷದ ಸೆಪ್ಟೆಂಬರ್ 7ರ ರಾತ್ರಿ ಪಾಕಿಸ್ತಾನದ ಹಡಗುಗಳು ದ್ವಾರಕೆಯ ಮೇಲೆ ಗುಂಡು ಹಾರಿಸಿ ಅಲ್ಲಿಯ ರೇಡಾರ್ ಕೇಂದ್ರವನ್ನು ಹಾಳುಗೆಡವಿದೆವೆಂದು ಸಾರಿದವು. ಹೆಚ್ಚಿನ ಗುಂಡುಗಳು ದೇವಸ್ಥಾನಕ್ಕೂ ರೈಲು ನಿಲ್ದಾಣಕ್ಕೂ ನಡುವಣ ಮೆತ್ತನೆಯ ನೆಲದಲ್ಲಿ ಹೂತಿದ್ದವು, ಅನೇಕವು ಸಿಡಿದೇ ಇರಲಿಲ್ಲ. ಇದನ್ನೆಲ್ಲ ಕಂಡಿದ್ದ ಅವರು ಯಾವ ಹಡಗಿನ ಸುದ್ದಿ ಬಂದರೂ, ಅದು ನಮ್ಮ ಕಡೆಯದೇ ಆಗಿರಲಿ, ಪೆನ್ನು ಎತ್ತುವ ಮೊದಲು ಕೇಳುತ್ತಿದ್ದರು: “ಕಂಡಾವ್ರು ಯಾರು? ಜಾಗಾ ಎಲ್ಲಿ? ಹಡಗು ಯಾರದೋ ಅವರು ಏನಂದ್ರು?” ಉತ್ತರವಿಲ್ಲದಿದ್ದರೆ ಸುದ್ದಿ ಹೋಗುತ್ತಿರಲಿಲ್ಲವೆಂದಲ್ಲ, ಯಾರ ಬಾಯಿಂದ ಬಂದಿತೋ ಅವರ ಹೆಸರಿನಲ್ಲೇ ಹೋಗುತ್ತಿತ್ತು. ಪತ್ರಿಕೆಯೇ ಹೇಳಿದಂತೆ ಮಾತ್ರ ಹೋಗಕೂಡದು. ಇಪ್ಪತ್ತನಾಲ್ಕರ ಬಿಸಿರಕ್ತದ ನನಗೆ ಆಗ ಅದು ಅತಿಯಾದ ಬಿಗಿತನವೆನ್ನಿಸುತ್ತಿತ್ತು.

ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗೆ ನಡೆದದ್ದನ್ನು ಇಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ನಿರ್ಘಾತ್, ನಿಪಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು, ಜೊತೆಗೆ ಕಿಲ್ತಾನ್, ಕಚ್ಚಾಲ್ ಎಂಬ ಕಾವಲು ಹಡಗುಗಳು. ಅದನ್ನು ‘ಆಪರೇಷನ್ ಟ್ರೈಡೆಂಟ್’ ಎಂದು ಕರೆದರು. ಡಿಸೆಂಬರ್ 4 ನೌಕಾಪಡೆಯ ದಿನವಾದದ್ದು ಅದರಿಂದಲೇ. ಆದರೆ ಆ ರಾತ್ರಿಯ ಕಥೆಯಲ್ಲಿ ನನ್ನನ್ನು ಬಹುಕಾಲ ಕಾಡಿದ್ದು ನಮ್ಮವರ ಗೆಲುವಿಗಿಂತ ಪಾಕಿಸ್ತಾನದ ಡಿಸ್ಟ್ರಾಯರ್ ಖೈಬರ್ ಕಳಿಸಿದ ಒಂದು ಸಂದೇಶ. ವರ್ಷಗಳ ನಂತರ ಎರಡೂ ಕಡೆಯ ಬರಹಗಳನ್ನು ಓದುವಾಗ ಅದು ಸಿಕ್ಕಿತು.

ನಿರ್ಘಾತ್ ಹಾರಿಸಿದ ಮೊದಲ ಕ್ಷಿಪಣಿ ರಾತ್ರಿ ಹತ್ತೂಮುಕ್ಕಾಲರ ಸುಮಾರಿಗೆ ಖೈಬರ್‌ಗೆ ಬಡಿಯಿತು. ಆಕಾಶದಲ್ಲಿ ಬೆಳಕಿನ ಉಂಡೆಯೊಂದು ಹತ್ತಿರ ಬರುವುದನ್ನು ಹಡಗಿನವರು ಕಂಡಿದ್ದರು. ಹಡಗಿನಿಂದ ಹಡಗಿಗೆ ಹಾರುವ ಕ್ಷಿಪಣಿಯ ಅನುಭವ ಅವರಿಗಿರಲಿಲ್ಲ. ಅದನ್ನು ವಿಮಾನವೆಂದೇ ಬಗೆದರು. ವಿದ್ಯುತ್ತು ಹೋಗಿ ಹಡಗೆಲ್ಲ ಕತ್ತಲು, ಬಾಯ್ಲರ್ ಕೋಣೆಯಿಂದ ದಟ್ಟ ಹೊಗೆ. ಆ ಸ್ಥಿತಿಯಲ್ಲಿ ಅವರು ಕಳಿಸಿದ ವರದಿಯ ಸಾರ ಇಷ್ಟು: ಶತ್ರು ವಿಮಾನ ಹೊಡೆದಿದೆ, ಒಂದನೇ ಬಾಯ್ಲರ್‌ಗೆ ಪೆಟ್ಟಾಗಿದೆ, ಹಡಗು ನಿಂತುಹೋಗಿದೆ. ಅದರಲ್ಲಿ ಬಾಯ್ಲರಿನ ಮಾತು ನಿಜ, ಹಡಗು ನಿಂತದ್ದೂ ನಿಜ. ವಿಮಾನ ಸುಳ್ಳು. ಅದಕ್ಕಿಂತ ಘೋರವಾದದ್ದು, ಗಡಿಬಿಡಿಯಲ್ಲಿ ಕೊಟ್ಟ ಜಾಗವೂ ತಪ್ಪಾಗಿತ್ತು. ಕೆಲ ನಿಮಿಷಗಳಲ್ಲಿ ಎರಡನೆಯ ಕ್ಷಿಪಣಿ ಬಿತ್ತು, ಖೈಬರ್ ಮುಳುಗಿತು. ರಕ್ಷಣೆಗೆ ಹೊರಟವರು ತಪ್ಪು ಜಾಗದ ನೀರನ್ನು ಜಾಲಾಡುತ್ತಿರುವಾಗ ನಿಜವಾದ ಜಾಗದಲ್ಲಿ ನಾವಿಕರು ತೇಲುತ್ತಿದ್ದರು. ಆ ಹಡಗಿನ 222 ಮಂದಿ ಸತ್ತರು.

ವೀರ್ ಹೊಡೆದ ಸುರಂಗನಾಶಕ ಹಡಗು ಮುಹಾಫಿಜ್‌ಗೆ ತಪ್ಪು ಸಂದೇಶ ಕಳಿಸುವಷ್ಟು ಹೊತ್ತೂ ಸಿಗಲಿಲ್ಲ. ಅದರ 33 ಜನ ಸತ್ತರು. ಖೈಬರನ್ನು ಹುಡುಕುತ್ತಿದ್ದ ಗಸ್ತು ದೋಣಿ ಉರಿಯುತ್ತಿದ್ದ ಅವಶೇಷಗಳ ಕಡೆ ತಿರುಗಿ ಬದುಕುಳಿದವರನ್ನು ಎತ್ತಿಕೊಂಡಾಗಲೇ ಇನ್ನೊಂದು ಹಡಗೂ ಹೋಗಿದೆಯೆಂದು ಅವರ ಕಡೆಯವರಿಗೆ ತಿಳಿದದ್ದು. ಎರಡು ದಿನದ ಮೇಲೆ ಭಾರತದ ಕ್ಷಿಪಣಿ ದೋಣಿ ಕಂಡಿತೆಂಬ ತಪ್ಪು ವರದಿ ನಂಬಿ ಪಾಕಿಸ್ತಾನದ ವಾಯುಪಡೆ ತನ್ನದೇ ದೇಶದ ಯುದ್ಧನೌಕೆ ಜುಲ್ಫಿಕರ್ ಮೇಲೆ ಗುಂಡಿನ ಮಳೆಗರೆಯಿತು. ಶತ್ರುವೆಂದು ಇದನ್ನು ಓದಿ ಹಿಗ್ಗಲು ನನ್ನಿಂದ ಆಗಿಲ್ಲ. ನೀರಿನಲ್ಲಿದ್ದವರು ಯಾವ ದೇಶದವರೇ ಇರಲಿ, ಅವರ ಕಡೆ ಬರಬೇಕಾದ ದೋಣಿ ಬೇರೆಲ್ಲೋ ಸುತ್ತಿತು. ಸುತ್ತಿಸಿದ್ದು ಒಂದು ವರದಿ.

ಬಂಗಾಳ ಕೊಲ್ಲಿಯಲ್ಲಿ ನಡೆದದ್ದು ಇನ್ನೊಂದು ಬಗೆ. ವಿಕ್ರಾಂತನ್ನು ಬೇಟೆಯಾಡಲು ಬಂದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ, ಡಿಸೆಂಬರ್ 3–4ರ ನಡುರಾತ್ರಿಯ ಸುಮಾರಿಗೆ ವಿಶಾಖಪಟ್ಟಣದ ಬಾಗಿಲಲ್ಲೇ ಸಿಡಿದು ತಳ ಸೇರಿತು. ವಿಕ್ರಾಂತ್ ಅಷ್ಟರಲ್ಲಿ ಅಂಡಮಾನಿನ ಕಡೆ ಸುರಕ್ಷಿತವಾಗಿತ್ತು. ಅದು ವಿಶಾಖಪಟ್ಟಣದಲ್ಲೇ ಇದೆಯೆಂದು ನಂಬಿಸಲು ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಹೂಡಿದ ತಂತ್ರಗಳಲ್ಲಿ ಒಂದು ಖಾಸಗಿ ತಂತಿ ಸಂದೇಶ: ವಿಕ್ರಾಂತ್‌ನ ನಾವಿಕನೊಬ್ಬ ತನ್ನ ತಾಯಿಗೆ ಕಾಯಿಲೆ ಜೋರಾಗಿದೆಯೆಂದು ಕೇಳಿ ಕ್ಷೇಮ ವಿಚಾರಿಸುವಂತೆ ಬರೆದದ್ದು. ಅದನ್ನು ಬೇಕೆಂದೇ ಗುಟ್ಟಿಲ್ಲದೆ ಕಳಿಸಿದರು. ಘಾಜಿ ಮುಳುಗಿದ ಸುದ್ದಿ ಹೊರಬಿದ್ದದ್ದು ಡಿಸೆಂಬರ್ 9ರಂದು. ಡಿಸ್ಟ್ರಾಯರ್ ರಜಪೂತ್ ಹಾಕಿದ ಸಿಡಿಗುಂಡುಗಳಿಂದ ಮುಳುಗಿತೆಂದು ನಮ್ಮ ನೌಕಾಪಡೆ, ಒಳಗಿನ ಅಥವಾ ತಾನೇ ಹಾಕುತ್ತಿದ್ದ ಸುರಂಗದ ಸ್ಫೋಟದಿಂದ ಎಂದು ಪಾಕಿಸ್ತಾನ. ವಾದ ಇಂದಿಗೂ ತೀರಿಲ್ಲ. ಶತ್ರುವಿಗೆ ಸುಳ್ಳು ಹೇಳುವುದು ಯುದ್ಧದ ಭಾಗ, ಅದನ್ನು ನಾನು ತಪ್ಪೆನ್ನಲಾರೆ. ವಿಕ್ರಾಂತ್ ಉಳಿದದ್ದರಲ್ಲಿ ಆ ಸುಳ್ಳಿನ ಪಾಲೂ ಇದೆ. ಆದರೆ ಆ ತಂತ್ರ ಶತ್ರುವಿನ ಕಿವಿಗೆ ಮಾಡಿದ್ದು. ಮನೆಮಂದಿಯ ಕಿವಿಗೆ ಹೋಗುವ ಸುದ್ದಿಗೆ ಅದೇ ನ್ಯಾಯ ಹೊಂದುವುದಿಲ್ಲ.

ಘಾಜಿಯ ಸುದ್ದಿ ಬಂದ ಡಿಸೆಂಬರ್ 9ರ ರಾತ್ರಿಯೇ ಖುಕ್ರಿ ಹೋಯಿತು.

ದಿಯು ದ್ವೀಪದಿಂದ ಸುಮಾರು 40 ನಾಟಿಕಲ್ ಮೈಲು ದೂರದಲ್ಲಿ ಖುಕ್ರಿ, ಕಿರ್ಪಾಣ್ ಎಂಬ ನಮ್ಮ ಎರಡು ಫ್ರಿಗೇಟುಗಳು ಪಾಕಿಸ್ತಾನದ ಜಲಾಂತರ್ಗಾಮಿಯೊಂದನ್ನು ಹುಡುಕುತ್ತಿದ್ದವು. ಹುಡುಕಿಸಿಕೊಳ್ಳುತ್ತಿದ್ದ ಹಂಗೋರ್ ಮೊದಲ ಟಾರ್ಪಿಡೊವನ್ನು ಕಿರ್ಪಾಣ್ ಕಡೆ ಬಿಟ್ಟಿತು, ಅದು ಸಿಡಿಯದೆ ಹೋಯಿತು. ಎರಡನೆಯದು ಖುಕ್ರಿಗೆ ಬಡಿಯಿತು. ರಾತ್ರಿ ಒಂಬತ್ತರ ಸುಮಾರು. ಕೆಲವೇ ನಿಮಿಷಗಳಲ್ಲಿ ಹಡಗು ಕಣ್ಮರೆಯಾಯಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತನ್ನ ಜೀವರಕ್ಷಕ ಅಂಗಿಯನ್ನು ಒಬ್ಬ ನಾವಿಕನಿಗೆ ಕೊಟ್ಟು ತಾನು ಹಡಗಿನೊಂದಿಗೇ ಇಳಿದರೆಂದು ಬದುಕಿ ಬಂದವರು ಹೇಳಿದರು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಮರುದಿನ ಕಿರ್ಪಾಣ್, ಕಚ್ಚಾಲ್ ಬಂದು 67 ಮಂದಿಯನ್ನು ನೀರಿನಿಂದ ಎತ್ತಿದವು. ಕಿರ್ಪಾಣ್‌ಗೂ ಭಾರಿ ಹಾನಿ ಮಾಡಿದೆವೆಂದು ಪಾಕಿಸ್ತಾನ ಹೇಳಿಕೊಂಡಿತು. ಭಾರಿ ಹಾನಿಯಾದ ಹಡಗು ಮರುದಿನ ಅದೇ ನೀರಿಗೆ ಮರಳಿ ಜನರನ್ನು ಎತ್ತಲಾರದು. ಯಾರ ಮಾತು ನಿಜವೆಂದು ತಿಳಿಯಲು ನನಗೆ ಅಷ್ಟು ಸಾಕು.

ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಖುಕ್ರಿ ಮುಳುಗಿದ್ದನ್ನು ನಮ್ಮ ಸರ್ಕಾರ ಒಪ್ಪಿಕೊಂಡಿತು. ನಮ್ಮಲ್ಲಿಗೆ ಬಂದ ಸುದ್ದಿ ಚಿಕ್ಕದು. ಟೆಲಿಪ್ರಿಂಟರಿನ ಹಾಳೆಯ ಸುತ್ತ ನಿಂತವರು ಮಾತಾಡಲಿಲ್ಲ. ಅಲ್ಲಿಯವರೆಗೆ ಬಂದದ್ದೆಲ್ಲ ಅವರ ಹಡಗು, ಅವರ ಎಣ್ಣೆ ಟಾಂಕಿ, ಅವರ ಬಂದರು. ಇದು ನಮ್ಮದು. ಸಹೋದ್ಯೋಗಿಯೊಬ್ಬರು ಒಂದು ಫ್ರಿಗೇಟಿನಲ್ಲಿ ಎಷ್ಟು ಜನರಿರುತ್ತಾರೆಂದು ಲೆಕ್ಕ ಹಾಕಿ, ಸತ್ತವರ ಸಂಖ್ಯೆಯನ್ನು ಅಂದಾಜಿನಲ್ಲಿ ತಲೆಬರಹಕ್ಕೆ ಹಾಕೋಣವೆಂದರು. ಸುದ್ದಿ ಸಂಪಾದಕರು ಕೇಳಲಿಲ್ಲ. ಹಡಗಿನ ಹೆಸರು, ಅದು ಮುಳುಗಿದ್ದು, ರಕ್ಷಣಾ ಕಾರ್ಯ ನಡೆದದ್ದು ಮುಖಪುಟದಲ್ಲಿ ಹೋಯಿತು, ಸಂಖ್ಯೆ ಹೋಗಲಿಲ್ಲ. “ಅಂದಾಜಿನೊಳಗ ಯಾರ ಮಗನ್ನ ಸಾಯಿಸ್ತೀಯಪಾ?” ಎಂದು ಅವರು ಕೇಳಿದ್ದು ನನಗೆ ನೆನಪಿದೆ.

ಅದಾದ ಎರಡು ಮೂರು ದಿನಕ್ಕೆ ಅಂಕೋಲೆಯಿಂದ ನನಗೆ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆ ಕಲಿಸಿದ ಮಾಸ್ತರರು ಬಸ್ಸು ಹತ್ತಿ, ಅರಬೈಲ್ ಘಟ್ಟ ದಾಟಿ ಕಚೇರಿಗೆ ಬಂದರು. ಧೋತರದ ಅಂಚಿಗೆಲ್ಲ ದಾರಿಯ ಕೆಂಪು ಧೂಳು. ಅವರ ಕಿರಿಯ ಮಗ ನೌಕಾಪಡೆಯಲ್ಲಿದ್ದ. ಅವನ ಪತ್ರಗಳೆಲ್ಲ ಬೊಂಬಾಯಿಯ ಫ್ಲೀಟ್ ಮೇಲ್ ಆಫೀಸಿನ ಮುದ್ರೆ ಹೊತ್ತು ಬರುತ್ತಿದ್ದವು. ಹಡಗಿನ ಹೆಸರು ಖುಕ್ರಿಯಲ್ಲ, ಬೇರೆ. ಆದರೆ ನವೆಂಬರಿನಲ್ಲಿ ಬಂದ ಕೊನೆಯ ಪತ್ರದಲ್ಲಿ ತನ್ನನ್ನು ಬೇರೊಂದು ಹಡಗಿಗೆ ಹಾಕುವ ಮಾತಿದೆಯೆಂದು ಬರೆದಿದ್ದ. ಯಾವ ಹಡಗೆಂದು ಬರೆದಿರಲಿಲ್ಲ.

“ಪೇಪರು ಓದಿದೆ ತಮಾ. ಅದರಲ್ಲಿ ಹಾಕದೇ ಬಿಟ್ಟದ್ದು ಏನಾದ್ರೂ ಇದ್ರೆ ಹೇಳು. ಕೇಳುವ ಗಟ್ಟಿ ನಂಗದೆ.”

“ಬಿಟ್ಟದ್ದು ಏನೂ ಇಲ್ಲ ಮಾಸ್ತರ್ರೇ. ಬನ್ನಿ, ನೀವೇ ನೋಡಿ” ಎಂದು ಅವರನ್ನು ಟೆಲಿಪ್ರಿಂಟರಿನ ಹತ್ತಿರ ಕರೆದೊಯ್ದು, ಮೊಳೆಗೆ ಚುಚ್ಚಿಟ್ಟಿದ್ದ ಹಾಳೆಗಳನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳಿದೆ. ಅವರು ಪ್ರತಿ ಹಾಳೆಗೂ ತಲೆ ಆಡಿಸಿದರು. ಕೊನೆಗೆ, ಸತ್ತವರ ಮನೆಗೆ ಪತ್ರಿಕೆಗಿಂತ ಮೊದಲು ತಂತಿ ಬರುತ್ತದೆಯೋ ಎಂದು ಕೇಳಿದರು. ಬರಬೇಕೆಂಬುದೇ ಕ್ರಮ ಎಂದೆ. “ಹಾಗಾದ್ರೆ ಪೋಸ್ಟಿನವನ ದಾರಿ ನೋಡುದು, ಪೇಪರಿನದ್ದಲ್ಲ” ಎಂದವರು ಮಧ್ಯಾಹ್ನದ ಬಸ್ಸಿಗೇ ಹೊರಟರು. ಊಟ ಮಾಡಲಿಲ್ಲ, ಚಾ ಮಾತ್ರ ಕುಡಿದರು.

ಅವತ್ತು ನಾವು ಅಂದಾಜಿನ ಸಂಖ್ಯೆಯನ್ನು ತಲೆಬರಹದಲ್ಲಿ ಹಾಕಿದ್ದರೆ ಆ ಮನುಷ್ಯನ ಮುಂದೆ ನಿಂತು ನಾನು ಏನು ಹೇಳಬೇಕಿತ್ತು? ಆ ಮಧ್ಯಾಹ್ನವೇ ನನಗೆ ಸುದ್ದಿ ಸಂಪಾದಕರ ಬಿಗಿತನದ ಅರ್ಥ ತಿಳಿದದ್ದು. ಮಗ ಕ್ಷೇಮವಾಗಿದ್ದ, ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿಯಾಗಿ ಯುದ್ಧ ಮುಗಿದ ಮೇಲೆ ಅವನ ಪತ್ರ ಬಂತೆಂದು ಮಾಸ್ತರರು ನನಗೆ ಕಾರ್ಡು ಬರೆದರು.

ಆ ಮಗ ನೌಕಾಪಡೆಯಿಂದ ನಿವೃತ್ತನಾಗಿ ಕಾರವಾರದಲ್ಲಿ ಮನೆ ಕಟ್ಟಿದ. ಅರಗಾ ಕಡೆಯ ನೌಕಾನೆಲೆಗೆ ಐಎನ್‌ಎಸ್ ಕದಂಬ ಎಂಬ ಹೆಸರು ಬಂದ ಕಾಲಕ್ಕೆ ಅವನಿಗೂ ನನಗೂ ತಲೆ ಬೆಳ್ಳಗಾಗಿತ್ತು. ಟಾಗೋರ್ ಕಡಲತೀರದಲ್ಲಿ ದಡಕ್ಕೇರಿಸಿ ಇಟ್ಟಿರುವ ಚಾಪೆಲ್ ಎಂಬ ಕ್ಷಿಪಣಿ ದೋಣಿಯನ್ನು ನಾನು ನೋಡಿದ್ದು ಅವನ ಜೊತೆ. ಕರಾಚಿಗೆ ಹೋದ ದೋಣಿಗಳ ವಂಶದ್ದೇ, ಅವುಗಳಿಗಿಂತ ತುಸು ಈಚಿನದು. ಒಳಗೆ ಇಳಿದರೆ ತಲೆ ತಗಲುವ ಬಾಗಿಲು, ಭುಜ ತಗಲುವ ಓಣಿ. ಅಲ್ಲಿ ನಿಂತು ಅವನು ದೊಡ್ಡ ಹಡಗುಗಳಲ್ಲಿ ತಾನು ಮಾಡುತ್ತಿದ್ದ ಕೆಲಸವನ್ನು ವಿವರಿಸಿದ. ಹಡಗಿಗೆ ಪೆಟ್ಟು ಬಿದ್ದಾಗ ಎಲ್ಲಿ ಏನಾಗಿದೆಯೆಂದು ತಿಳಿದು ಹೇಳುವ ತಂಡ ಅವನದು.

“ಪೆಟ್ಟು ಬಿದ್ದ ಕೂಡ್ಲೇ ಎಲ್ರೂ ತಮ್ಮ ತಮ್ಮ ಜಾಗ ತಡಕಬೇಕು ಅಣ್ಣಾ. ನೀರು ಒಳಗೆ ಬರ್ತಾ ಅದ್ಯಾ, ಹೊಗೆ ಅದ್ಯಾ, ಗೋಡೆ ಬಿಸಿಯಾಗದ್ಯಾ, ಯಾರಿಗೆ ಗಾಯ. ಕೈಯಿಂದ ಮುಟ್ಟಿ ನೋಡಿದ್ದು ಮಾತ್ರ ಹೇಳಬೇಕು. ಏನೂ ಆಗ್ಲಿಲ್ಲ ಅಂದ್ರೆ ಅದನ್ನೂ ಹೇಳಲೇಬೇಕು. ಸುಮ್ಮನಿದ್ರೆ, ಆ ಕೋಣೆಯವರು ಸತ್ತಿದ್ರೋ ಬದುಕಿದ್ರೋ ಮೇಲಿನವರಿಗೆ ಹೇಗೆ ತಿಳೀಬೇಕು?”

ವರದಿಗಳೆಲ್ಲ ಹಾನಿ ನಿಯಂತ್ರಣದ ಕೇಂದ್ರಕ್ಕೆ ಹೋಗುತ್ತವೆ. ಅವರ ಮಾತಿನಲ್ಲಿ ಅದು ‘ಎಚ್‌ಕ್ಯೂ ಒನ್’. ಅಲ್ಲಿ ಹಡಗಿನ ಪ್ರತಿ ಅಂತಸ್ತು, ಪ್ರತಿ ಕೋಣೆ ಬರೆದ ನಕ್ಷೆಯ ಹಲಗೆ ಇರುತ್ತದೆ. ಬಂದ ಮಾತನ್ನು ಮೇಣದ ಪೆನ್ಸಿಲಿನಿಂದ ಅದರ ಮೇಲೆ ಗುರುತಿಸುತ್ತಾರೆ: ಇಲ್ಲಿ ನೀರು, ಇಲ್ಲಿ ಬೆಂಕಿ, ಇಷ್ಟು ಹೊತ್ತಿಗೆ. ವಿದ್ಯುತ್ತು ಹೋದರೂ ನಡೆಯುವಂತೆ, ಮಾತಾಡುವವನ ದನಿಯ ಬಲದಿಂದಲೇ ಕೆಲಸ ಮಾಡುವ ದೂರವಾಣಿ ಇರುತ್ತದೆ. ತಂತಿಯೂ ಕಡಿದರೆ ಓಡಿಹೋಗಿ ಹೇಳಲು ಒಬ್ಬ ಹುಡುಗ. ಕೋಣೆಯ ಗುರುತು ಒಂದು ಅಕ್ಷರ ತಪ್ಪಿದರೂ ಬೆಂಕಿ ಆರಿಸುವವರು ಬೇರೆ ಕಡೆ ಓಡುತ್ತಾರೆ, ನೀರು ತಡೆಯಲು ಮುಚ್ಚುವ ಬಾಗಿಲಿನ ಹಿಂದೆ ಜೀವಂತ ಮನುಷ್ಯರು ಉಳಿದುಬಿಡುತ್ತಾರೆ. ಖೈಬರ್‌ನ ಸಂದೇಶದ ಮಾತೆತ್ತಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಕತ್ತಲಲ್ಲಿ ಹೊಗೆ ನುಂಗುತ್ತ ಜಾಗದ ಅಂಕಿ ಹೇಳಿದವನನ್ನು ತಾನು ದೂರಲಾರೆ, ಅವನು ತನ್ನ ಜನಕ್ಕಾಗಿ ಕೊನೆಯವರೆಗೂ ಹೇಳಲು ನೋಡಿದ ಎಂದ. ಅದೇ ಮಾತನ್ನು ಗಾಳಿ ಬೆಳಕಿರುವ ಕೋಣೆಯಲ್ಲಿ ಕೂತು ಸುಳ್ಳು ಅಂಕಿ ಬರೆಯುವವರ ಬಗ್ಗೆ ಹೇಳಲು ಬರುವುದಿಲ್ಲ.

ಅಂಥ ಸುಳ್ಳು ಒಂದು ದೇಶವನ್ನು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಎರಡನೆಯ ಮಹಾಯುದ್ಧದ ಜಪಾನಿಗಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ. 1942ರ ಜೂನಿನಲ್ಲಿ ಮಿಡ್‌ವೇ ಬಳಿ ನಾಲ್ಕು ವಿಮಾನವಾಹಕ ನೌಕೆಗಳು ಮುಳುಗಿದ್ದನ್ನು ಅವರು ಸ್ವಂತ ಜನರಿಂದ ಮುಚ್ಚಿಟ್ಟರು. ಬದುಕಿ ಬಂದ ಗಾಯಾಳುಗಳನ್ನು ಮನೆಯವರಿಗೂ ಕಾಣದಂತೆ ಪ್ರತ್ಯೇಕವಾಗಿ ಇಟ್ಟರು. 1944ರ ಅಕ್ಟೋಬರಿನಲ್ಲಿ ತೈವಾನಿನ ಸುತ್ತ ನಡೆದ ವಿಮಾನಯುದ್ಧದ ನಂತರ ಅಮೆರಿಕದ 11 ವಿಮಾನವಾಹಕಗಳನ್ನೂ 2 ಯುದ್ಧನೌಕೆಗಳನ್ನೂ ಮುಳುಗಿಸಿದೆವೆಂದು ಟೋಕಿಯೊ ಸಾರಿತು. ರಾತ್ರಿ ಹಾರಿದ ಅನನುಭವಿ ಪೈಲಟ್‌ಗಳು ಕಂಡ ಬೆಂಕಿಯೆಲ್ಲ ಮುಳುಗಿದ ಹಡಗಾಗಿ ಲೆಕ್ಕಕ್ಕೆ ಸೇರಿತ್ತು. ನಿಜಕ್ಕೆ ಒಂದು ವಿಮಾನವಾಹಕವೂ ಮುಳುಗಿರಲಿಲ್ಲ. ಕ್ಯಾನ್‌ಬೆರಾ, ಹ್ಯೂಸ್ಟನ್ ಎಂಬ ಎರಡು ಕ್ರೂಸರುಗಳು ಟಾರ್ಪಿಡೊ ಪೆಟ್ಟು ತಿಂದು, ಎಳೆಸಿಕೊಂಡು ಮರಳಿದವು. ಆ ಲೆಕ್ಕವನ್ನು ನಂಬಿ ಜಪಾನಿನ ಸೇನೆ ಫಿಲಿಪ್ಪೀನ್ಸಿನಲ್ಲಿ ತನ್ನ ಯೋಜನೆಯನ್ನೇ ಬದಲಿಸಿ ಲೇಟೆ ದ್ವೀಪಕ್ಕೆ ಪಡೆಗಳನ್ನು ಕಳಿಸಿತು. ಮುಳುಗಿವೆಯೆಂದು ನಂಬಿದ್ದ ಹಡಗುಗಳಿಂದ ಎದ್ದ ವಿಮಾನಗಳು ಆ ಸೈನಿಕರನ್ನು ಹೊತ್ತ ಹಡಗುಗಳನ್ನು ಮುಳುಗಿಸಿದವು.

ಕಾಲ ಬದಲಾದರೂ ರೂಢಿ ಬದಲಾಗಿಲ್ಲ. 2022ರ ಏಪ್ರಿಲಿನಲ್ಲಿ ರಷ್ಯಾದ ಮಾಸ್ಕ್ವಾ ಹಡಗನ್ನು ತನ್ನ ಕ್ಷಿಪಣಿಗಳು ಹೊಡೆದವೆಂದು ಉಕ್ರೇನ್ ಹೇಳಿತು. ರಷ್ಯಾ ಮೊದಲು ಬೆಂಕಿ ಬಿದ್ದು ಮದ್ದುಗುಂಡು ಸಿಡಿಯಿತೆಂದಿತು, ಆಮೇಲೆ ಎಳೆದೊಯ್ಯುವಾಗ ಬಿರುಗಾಳಿಗೆ ಮುಳುಗಿತೆಂದಿತು. ನಾವಿಕರ ವಿಷಯದಲ್ಲಿ ಮೊದಲು ಎಲ್ಲರನ್ನೂ ಇಳಿಸಿಕೊಂಡಿದ್ದೇವೆ ಎಂಬ ಮಾತು, ವಾರ ಕಳೆದ ಮೇಲೆ ಒಬ್ಬ ಸತ್ತ, 27 ಮಂದಿ ಕಾಣೆ ಎಂಬ ಮಾತು. ಆ ವಾರ ಮಕ್ಕಳ ದಾರಿ ಕಾದ ತಂದೆತಾಯಿಯರಿಗೆ ಯಾವ ಪೋಸ್ಟಿನವನೂ ಬರಲಿಲ್ಲ.

ನಮ್ಮಲ್ಲಿ ಆದದ್ದು ಇನ್ನೂ ನೋವಿನದು, ಏಕೆಂದರೆ ಅದನ್ನು ಮಾಡಿದ್ದು ಸರ್ಕಾರವಲ್ಲ, ನನ್ನದೇ ವೃತ್ತಿಯವರು. 2025ರಲ್ಲಿ ಪಾಕಿಸ್ತಾನದೊಂದಿಗೆ ಸಂಘರ್ಷ ನಡೆದಿದ್ದಾಗ ಮೇ 8ರ ರಾತ್ರಿ ನಮ್ಮ ನೌಕಾಪಡೆ ಕರಾಚಿ ಬಂದರನ್ನು ಹೊಡೆದಿದೆಯೆಂದು ಅನೇಕ ಟಿವಿ ಚಾನೆಲ್‌ಗಳು ಕೂಗಿದವು. ನಾನು ಎಚ್ಚರವಾಗಿ ಕೂತು ನೋಡುತ್ತಿದ್ದೆ. ಕಂಡವರು ಒಬ್ಬರೂ ಇರಲಿಲ್ಲ, ನೌಕಾಪಡೆ ಒಂದು ಮಾತೂ ಆಡಿರಲಿಲ್ಲ. ಮೇ 11ರಂದು ವೈಸ್ ಅಡ್ಮಿರಲ್ ಎ. ಎನ್. ಪ್ರಮೋದ್ ಪತ್ರಕರ್ತರ ಮುಂದೆ ಹೇಳಿದ್ದು, ನೌಕಾಪಡೆ ಮುಂಚೂಣಿಯಲ್ಲಿ ನಿಂತು, ಕರಾಚಿಯೂ ಸೇರಿದಂತೆ ಗುರಿಗಳನ್ನು ತಾನು ಆರಿಸಿದ ಹೊತ್ತಿಗೆ ಹೊಡೆಯಲು ಸಿದ್ಧವಾಗಿತ್ತೆಂದು. ಸಿದ್ಧವಾಗಿ ನಿಂತಿದ್ದ ಆ ಹಡಗುಗಳಲ್ಲಿ ಕಾರವಾರದವರೂ ಇದ್ದಾರು, ಕೊಡಗಿನವರೂ ಇದ್ದಾರು. ಅವರು ಹೊಡೆದರೆಂದು ಇಲ್ಲಿ ಕೂಗಿದವರು, ಅವರ ಮನೆಯವರಿಗೆ ಆ ರಾತ್ರಿ ತಿರುಗೇಟಿನ ಭಯವನ್ನೂ ಹಂಚಿದರು.

1971ರಲ್ಲಿ ನಮ್ಮ ಮಾತಿಗೆ ತೂಕ ಬಂದದ್ದು ಖೈಬರ್ ಮುಳುಗಿಸಿದೆವೆಂದು ಹೇಳಿದ್ದರಿಂದ ಮಾತ್ರವಲ್ಲ, ಖುಕ್ರಿ ಕಳೆದುಕೊಂಡೆವೆಂದೂ ಹೇಳಿದ್ದರಿಂದ. ಬದುಕಿದವರನ್ನು ಎತ್ತುವವರೆಗೆ, ಸತ್ತವರ ಮನೆಗೆ ತಂತಿ ಮುಟ್ಟುವವರೆಗೆ ಸುದ್ದಿ ತಡೆಹಿಡಿಯುವುದು ನ್ಯಾಯ. ಅದರಾಚೆ ಒಂದು ದಿನ ಮುಚ್ಚಿಟ್ಟರೂ ಅನ್ಯಾಯ, ಅದರೀಚೆ ಒಂದು ಗಂಟೆ ಮೊದಲು ಊಹಿಸಿ ಬರೆದರೂ ಅನ್ಯಾಯ. ಇಂದು ರಾತ್ರಿ ಪಾಳಿಯಲ್ಲಿ ಕೂತಿರುವ ಕಿರಿಯರಲ್ಲಿ ನನ್ನದೊಂದು ಕೋರಿಕೆ: ಹಡಗಿಗೆ ಪೆಟ್ಟು ಬಿದ್ದ ಸುದ್ದಿ ಬಂದರೆ ಕಂಡವರು ಯಾರೆಂದು ಕೇಳಿ, ಜಾಗ ಎಲ್ಲೆಂದು ಕೇಳಿ, ಹಡಗಿನವರು ಏನಂದರೆಂದು ಕೇಳಿ. ಉತ್ತರ ಸಿಗದಿದ್ದರೆ ಬೇರೆ ಚಾನೆಲ್ ನಿಮಗಿಂತ ಮೊದಲು ಹೇಳಲಿ, ನೀವು ಕಾಯಿರಿ.